ಫಕೀರವ್ವನ ನಲವತ್ತು ತಾಸು

ನಮ್ಮ ಊರಿನಲ್ಲಿ ಹಾರುವುದು ದೊಡ್ಡ ಕೆಲಸವಲ್ಲ. ಹಾರಿದ್ದನ್ನು ಹಾರಾಟ ಕಚೇರಿಯ ಕಟ್ಟಿಯವರ ಹತ್ತಿರ ಒಪ್ಪಿಸಿಕೊಳ್ಳುವುದು ದೊಡ್ಡ ಕೆಲಸ. ಹತ್ತು ವರ್ಷ ತುಂಬುತ್ತಿದ್ದಂತೆ ಮಕ್ಕಳ ಹಿಮ್ಮಡಿ ನೆಲ ಬಿಡಲು ಶುರುವಾಗುತ್ತದೆ. ತಾಯಂದಿರು ಲಂಗದ ಅಂಚಿಗೆ, ಚಡ್ಡಿಯ ಜೇಬಿಗೆ ಸೀಸದ ಗುಂಡು ಹೊಲಿಸಿಕೊಳ್ಳಲು ನನ್ನ ಬಳಿಗೆ ಓಡಿ ಬರುತ್ತಾರೆ. ನನ್ನ ಹೆಸರು ರಾಚವ್ವ. ಸೀರೆಯ ಅಂಚಿಗೆ ಗುಂಡು ಕೂರಿಸುವುದರಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಹೊಲಿದ ಸೀರೆ ಉಟ್ಟು ಎಂಥ ಗಾಳಿಯಲ್ಲಿ ಹಾರಿದರೂ ಅಂಚು ಪಾದ ಬಿಟ್ಟು ಮೇಲೇಳುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಲೈಸನ್ಸ್ ಇಲ್ಲದವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹಾರಬೇಕು. ಹಗ್ಗದ ಇನ್ನೊಂದು ತುದಿಯನ್ನು ನೆಲದ ಮೇಲೆ ಒಬ್ಬರು ಹಿಡಿದಿರಬೇಕು. ಎಷ್ಟು ಹೊತ್ತು ಹಾರಿದರು, ಹೇಗೆ ಹಾರಿದರು ಎಂಬುದನ್ನು ಪುಸ್ತಕದಲ್ಲಿ ಬರೆಯುವವರೂ ಹಗ್ಗ ಹಿಡಿದವರೇ. ಹಾರಿದವರು ತಮ್ಮ ಬಗ್ಗೆ ತಾವೇ ಬರೆದುಕೊಂಡರೆ ಈ ಊರಿನಲ್ಲಿ ಇಲ್ಲಿಯವರೆಗೆ ಯಾರೂ ಮರಕ್ಕೆ ಡಿಕ್ಕಿ ಹೊಡೆದೇ ಇಲ್ಲ ಎಂದಾಗುತ್ತಿತ್ತು. ಹೀಗೆ ನಲವತ್ತು ತಾಸು ತುಂಬಿದರೆ ಹಾರಾಟ ಕಚೇರಿಯವರು ಖಾಸಗಿ ಲೈಸನ್ಸ್ ಕೊಡುತ್ತಾರೆ. ಆಮೇಲೆ ಹಗ್ಗ ಬೇಡ, ಬೆನ್ನ ಮೇಲೆ ಒಬ್ಬರನ್ನು ಕೂರಿಸಿಕೊಂಡೂ ಹೋಗಬಹುದು. ಲೈಸನ್ಸ್ ಇಲ್ಲದೆ ಕೂರಿಸಿಕೊಂಡು ಸಿಕ್ಕಿಬಿದ್ದರೆ ಹೊತ್ತವರಿಗೂ ಕೂತವರಿಗೂ ಒಂದು ವರ್ಷ ಸೀಸದ ಚಪ್ಪಲಿ. ನನಗೆ ಐವತ್ತಾರು ವರ್ಷವಾದರೂ ಲೈಸನ್ಸ್ ಇರಲಿಲ್ಲ, ಪುಸ್ತಕವನ್ನೂ ಬರೆಸಿರಲಿಲ್ಲ. ಹಗ್ಗದ ಉದ್ದಕ್ಕೆ ಎಷ್ಟು ಆಕಾಶ ಸಿಗುತ್ತದೋ ಅಷ್ಟು ನನಗೆ ಸಾಕಾಗಿತ್ತು.

ನನ್ನ ಹಗ್ಗ ಹಿಡಿಯುತ್ತಿದ್ದವಳು ಫಕೀರವ್ವ. ಪಕ್ಕದ ಓಣಿಯವಳು, ನನ್ನ ಬಾಲ್ಯದ ಗೆಳತಿ, ಮತ್ತು ಇಡೀ ಊರಿನಲ್ಲಿ ನೆಲ ಬಿಡದ ಒಬ್ಬಳೇ ಒಬ್ಬಳು. ಹತ್ತು ತುಂಬಿತು, ಹನ್ನೊಂದು ತುಂಬಿತು, ಅವಳ ಹಿಮ್ಮಡಿ ಅಲ್ಲಾಡಲಿಲ್ಲ. ಬಳೆ ಬಿಚ್ಚಿಸಿ ನೋಡಿದರು, ತಲೆಗೂದಲು ಕತ್ತರಿಸಿ ನೋಡಿದರು. ಹನ್ನೆರಡನೆಯ ವರ್ಷ ಅವಳ ಸೋದರಮಾವ ಧೈರ್ಯ ಮಾಡಿ ಹಿತ್ತಲ ಗೋಡೆಯ ಮೇಲಿಂದ ತಳ್ಳಿಯೂ ನೋಡಿದ. ಅವಳು ಸೀದಾ ತಿಪ್ಪೆಯಲ್ಲಿ ಕೂತಳು. ಅಲ್ಲಿಂದಲೇ, 'ಸಾಕಪ್ಪೋ, ನಾ ನೆಲದಾಕಿ, ನನ್ನ ಬಿಟ್ಟುಬಿಡ್ರಿ' ಎಂದು ಕೂಗಿದಳಂತೆ. ಕೂಗಿದ್ದು ಮೂರು ಓಣಿಗೆ ಕೇಳಿಸಿತು. ಆ ಗಂಟಲಿನಿಂದಲೇ ಅವಳು ಮುಂದೆ ಮೂವತ್ತು ವರ್ಷ ಪೇಟೆಯಲ್ಲಿ ತರಕಾರಿ ಮಾರಿದಳು. 'ಬದ್ನೀಕಾಯೋ' ಎಂದರೆ ಆಕಾಶದಲ್ಲಿ ಹೋಗುತ್ತಿದ್ದವರು ತಮಗೆ ಬದನೆಕಾಯಿ ಬೇಡದಿದ್ದರೂ ಇಳಿಯುತ್ತಿದ್ದರು.

ಇನ್ನು ನಮ್ಮ ಮಾಡುಗಳ, ಅಂದರೆ ಮನೆಯ ಛಾವಣಿಗಳ, ವಿಷಯ ಹೇಳಬೇಕು. ಬೇರೆ ಊರಿನವರು ಮನೆಯ ಮುಂಬಾಗಿಲಿಗೆ ಬಣ್ಣ ಬಳಿಯುತ್ತಾರಂತೆ. ನಮ್ಮಲ್ಲಿ ಮಾಡಿಗೆ ಬಳಿಯುತ್ತೇವೆ, ನೋಡುವವರೆಲ್ಲ ಮೇಲೆಯೇ ಇರುತ್ತಾರಲ್ಲ. ಹೆಂಚಿನ ಮೇಲೆ ನವಿಲು, ತೇರು, ಮಗಳ ಮದುವೆಯ ಆಮಂತ್ರಣ, ನೆರೆಯವರಿಗೆ ಬೈಗುಳ, ಏನು ಬೇಕಾದರೂ ಇರಬಹುದು. ಆದರೆ ಮಾಡಿನ ಮೇಲೆ ಏನಿದೆ ಎಂದು ಅದರ ಕೆಳಗೆ ಇರುವವರಿಗೆ ಹೇಳಬಾರದು. ಬೇಕಿದ್ದರೆ ಅವರೇ ಹಾರಿ ನೋಡಿಕೊಳ್ಳಬೇಕು. ಹೇಳಿದವರ ಮನೆಗೆ ಯಾರೂ ಊಟಕ್ಕೆ ಹೋಗುವುದಿಲ್ಲ. ಎಲ್ಲರೂ ಹಾರುವ ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಫಕೀರವ್ವ ಒಬ್ಬಳನ್ನು ಬಿಟ್ಟು.

ಅವಳ ಗಂಡ ಮೈಲಾರಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ, ಅದರಲ್ಲಿ ಎರಡು 'ಹೂಂ'. ಇಪ್ಪತ್ತೆರಡು ವರ್ಷದ ಹಿಂದೆ ಎರಡು ದಿನ ಮಾಡಿನ ಮೇಲೆ ಕೂತು ಏನನ್ನೋ ಬರೆದು ಇಳಿದ. ಏನು ಬರೆದೆ ಎಂದು ಇವಳು ಕೇಳಿದರೆ, 'ಬಾ, ಬೆನ್ನ ಮ್ಯಾಲೆ ಕೂಡ್ರು, ತೋರಸ್ತೀನಿ' ಎಂದ. ಇವಳು ಕೂರಲಿಲ್ಲ. 'ಎಡಕ್ಕ ಅಂದ್ರ ಬಲಕ್ಕ ಹೋಗಾವ ನೀ. ನನ್ನ ಮಾತು ಕೇಳದವರ ಬೆನ್ನು ನಾ ಹತ್ತೂದಿಲ್ಲ' ಎಂದುಬಿಟ್ಟಳು. ಇಂದಲ್ಲ ನಾಳೆ ಕೂತರಾಯಿತು ಎಂದು ಇಬ್ಬರೂ ಅಂದುಕೊಂಡಿದ್ದರು. ಆರು ವರ್ಷದ ಹಿಂದೆ ಮೈಲಾರಪ್ಪ ತೀರಿಕೊಂಡ.

ಆ ಬರಹ ಬಂದ ದಿನದಿಂದ ಇನ್ನೊಂದು ಶುರುವಾಗಿತ್ತು. ಎಷ್ಟೇ ಗಲಾಟೆ ಮಾಡಿಕೊಂಡು ಬಂದವರೂ ಫಕೀರವ್ವನ ಮನೆಯ ಮೇಲೆ ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದರು. ಮದುವೆಯ ದಿಬ್ಬಣ ವಾಲಗ ನಿಲ್ಲಿಸಿ ದಾಟುತ್ತಿತ್ತು. ಹಗ್ಗ ಕಟ್ಟಿಕೊಂಡ ಶಾಲೆಯ ಮಕ್ಕಳು ಒಬ್ಬರ ಬಾಯಿಯನ್ನು ಒಬ್ಬರು ಮುಚ್ಚಿಕೊಂಡು ದಾಟುತ್ತಿದ್ದರು. ಕೆಲವರು ಕಿಸಕ್ಕನೆ ನಗುತ್ತಲೂ ಇದ್ದರು. ಅವಳು ಅಂಗಳದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. 'ಹೆಣ ಇಟ್ಟ ಮನಿ ಮುಂದ ಹೋದಂಗ ಹೋಗ್ತಾರಲ್ಲ ರಾಚಿ. ಅಂವ ಏನ್ ಬರದಾನ? ಇದು ಹಾರಲಾರದ ಹೆಣ್ಣಿನ ಮನಿ, ಪಾಪ ಅನ್ರಿ ಅಂತ ಬರದಾನೇನ?' ಎಂದು ಒಮ್ಮೆ ನನ್ನನ್ನು ಕೇಳಿದಳು. ನನ್ನ ಹಗ್ಗ ಅವಳ ಮಾಡಿನವರೆಗೆ ಎಟುಕುತ್ತದೆ, ನಾನು ನೋಡಿದ್ದೇನೆ. ಹೇಳಲಿಲ್ಲ. ನಿಮಗೂ ಈಗ ಹೇಳುವುದಿಲ್ಲ. ಮೊದಲು ಅವಳು ನೋಡಬೇಕು.

ಈ ವರ್ಷ ಅವಳ ಮಾಡಿನ ಹೆಂಚು ಪುಡಿಯಾಗತೊಡಗಿತು. ಬಡಿಗ ಈರಪ್ಪ ಮೇಲೆ ತೇಲಿ ನೋಡಿ, ಮುಂಗಾರಿನ ಮಿರಗದ ಮಳೆ ಹಿಡಿಯುವ ಮೊದಲು ಎಲ್ಲ ಹೆಂಚು ಕಿತ್ತು ತಗಡು ಹೊದಿಸದಿದ್ದರೆ ಮನೆ ಕೂತುಬಿಡುತ್ತದೆ ಎಂದ. ಜೂನ್ ಮೊದಲ ಸೋಮವಾರ ಕೆಲಸ ಶುರು ಎಂದು ದಿನ ಗೊತ್ತುಮಾಡಿದ. ಅದಕ್ಕಿನ್ನೂ ಮೂರು ತಿಂಗಳಿತ್ತು. ಅವನು ಹೇಳಿ ಹೋದ ಸಂಜೆಯೇ ಫಕೀರವ್ವ ನನ್ನ ಹೊಲಿಗೆ ಯಂತ್ರದ ಮುಂದೆ ಬಂದು ಕೂತಳು.

'ರಾಚಿ, ನೀ ಲೈಸನ್ಸ್ ತಗೋ. ಹೆಂಚು ಕೀಳೂದರಾಗ ನನ್ನ ಒಮ್ಮೆ ಹೊತ್ಕೊಂಡು ಮ್ಯಾಲೆ ಹೋಗು.'

'ಊರಾಗ ಲೈಸನ್ಸ್ ಇದ್ದವರು ಮುನ್ನೂರು ಮಂದಿ ಅದಾರ. ಅವರಿಗ್ಯಾಕ ಹೇಳಬಾರದು?'

'ಅವರು ಯಾರೂ ನನ್ನ ಮಾತು ಕೇಳಂಗಿಲ್ಲ. ನೀ ಒಬ್ಬಾಕಿ ಕೇಳ್ತಿ.'

ಇದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುವಷ್ಟರಲ್ಲಿ ನಾನು ಹೂಂ ಎಂದಾಗಿತ್ತು. ಸತ್ಯ ಹೇಳಬೇಕೆಂದರೆ, ಇಷ್ಟು ವರ್ಷ ಆ ಬರಹವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅವಳ ಮುಖ ನೋಡಿ ನನಗೂ ಸಾಕಾಗಿತ್ತು.

ಮೂರು ತಿಂಗಳು ದಿನಾ ಬೆಳಿಗ್ಗೆ ಹಾರಿದೆ. ಫಕೀರವ್ವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಒಗ್ಗರಣೆ ಅವಲಕ್ಕಿಯ ತಟ್ಟೆ ಇಟ್ಟುಕೊಂಡು, ಒಂದು ಕೈಯಲ್ಲಿ ಹಗ್ಗ ಹಿಡಿದು ಕೂಗುತ್ತಿದ್ದಳು. 'ಬಲಕ್ಕ ಹೊಳ್ಳ! ಬಲಕ್ಕ ಅಂದ್ರ ಉಣ್ಣೂ ಕೈ! ಕಾಲ್ ಮಡಚ! ಏ, ಹುಣಸೀಗಿಡ ಬಂತು, ಏಳ, ಮ್ಯಾಲೇಳ!' ನನಗೆ ಮೇಲೆ ಯೋಚಿಸುವ ಕೆಲಸವೇ ಇರಲಿಲ್ಲ. ಒಂದೆರಡು ಸಲ ಹುಣಸೆ ಮರದಲ್ಲಿ ಸಿಕ್ಕಿಕೊಂಡು ತಾಸುಗಟ್ಟಲೆ ಅಲ್ಲೇ ಇದ್ದೆ. ಒಮ್ಮೆ ಸುಂಟರಗಾಳಿ ಬಂದು ಹಗ್ಗದ ಸಮೇತ ನನ್ನನ್ನು ಪಂಚಾಯ್ತಿಯವರ ಸಭೆಯ ಮಧ್ಯೆ ಇಳಿಸಿತು. ಅವರು ನಾನು ಬಂದದ್ದು ಕುಡಿಯುವ ನೀರಿನ ತಕರಾರಿಗೆ ಎಂದು ತಿಳಿದು ಓಣಿಗೆ ಹೊಸ ನಲ್ಲಿ ಹಾಕಿಸಿಕೊಟ್ಟರು. ಇಳಿದ ಮೇಲೆ ಫಕೀರವ್ವ ಮೂಗಿನ ಮೇಲೆ ಕನ್ನಡಕ ಏರಿಸಿ, ಬದನೆಕಾಯಿ ಗಾತ್ರದ ಅಕ್ಷರಗಳಲ್ಲಿ ಪುಸ್ತಕ ಬರೆಯುತ್ತಿದ್ದಳು. ಏನು ಬರೆಯುತ್ತಾಳೆ ಎಂದು ನಾನು ಒಂದು ದಿನವೂ ಓದಲಿಲ್ಲ. ಅಲ್ಲೇ ನಾನು ಕೆಟ್ಟೆ.

ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಗುರುವಾರ, ಇಬ್ಬರೂ ಹಾರಾಟ ಕಚೇರಿಗೆ ಹೋದೆವು. ಪುಸ್ತಕದಲ್ಲಿ ಐವತ್ತೆಂಟು ತಾಸು ಇತ್ತು. ನಾನು ಹೊಸ ಸೀರೆ ಉಟ್ಟಿದ್ದೆ. ಕಚೇರಿಯ ಹಣಮಂತರಾವ್ ಕಟ್ಟಿಯವರು ಕುರ್ಚಿ ಸವೆಯಬಾರದೆಂದು ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ತೇಲಿಕೊಂಡು ಕೆಲಸ ಮಾಡುತ್ತಾರೆ. ಹೋಗಿಬಿಡಬಾರದೆಂದು ಕಾಲಿನ ಹೆಬ್ಬೆರಳಿಗೆ ಒಂದು ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿರುತ್ತಾರೆ. ಪುಸ್ತಕ ತೆರೆದು ಕೆಂಪು ಪೆನ್ಸಿಲ್ ಕೈಗೆ ತೆಗೆದುಕೊಂಡರು.

'ಇಲ್ಲಿ ಹುಣಸೀಗಿಡದಾಗ ಐದು ತಾಸು ಅಂತ ಅದ. ಅದು ಹಾರಾಟ ಅಲ್ರೀ. ಅದು ಗಿಡಾ ಹತ್ತೂದು.' ಐದು ತಾಸು ಹೋಯಿತು. 'ಸುಂಟರಗಾಳಿ, ಮತ್ತ ಬ್ಯಾರೆ ಬ್ಯಾರೆ ಗಾಳಿ, ಒಟ್ಟು ಆರು ತಾಸು. ಅದು ಗಾಳಿ ಹಾರಿದ್ದು, ನೀವಲ್ಲ.' ಆರು ಹೋಯಿತು. 'ಇಲ್ಲಿ, ರಾಚಿ ಮ್ಯಾಲೆ ನಿದ್ದಿ ಮಾಡಿದಳು, ಗೊರಕಿ ಕೇಳಿಸ್ತು ಅಂತ ಬರದಾರ.'

'ಎರಡು ತಾಸು ಅಷ್ಟ ರೀ,' ಎಂದೆ.

'ಎರಡು ಹೋತು. ಇಲ್ಲಿ, ನಗು ಬಂದು ತಾನಾಗೇ ಮ್ಯಾಲೆ ಹೋದದ್ದು, ಮೂರು ತಾಸು. ನಗೂವಾಗ ಯಾರಾದ್ರೂ ಏರ್ತಾರ್ರೀ. ಅದಕ್ಕ ಲೈಸನ್ಸ್ ಯಾಕ ಬೇಕು?'

ಬೆರಳು ಮಡಚಿ ಎಣಿಸಿದೆ. ಇನ್ನೂ ನಲವತ್ತೆರಡು ಉಳಿದಿತ್ತು. ಎರಡು ತಾಸು ಹೆಚ್ಚೇ. ಫಕೀರವ್ವ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ಕಟ್ಟಿಯವರು ಪೆನ್ಸಿಲ್ ಕೆಳಗಿಟ್ಟು, ಹೆಬ್ಬೆರಳಿನ ದಾರ ಬಿಗಿಯಾಗುವಷ್ಟು ಮೇಲೆದ್ದು, ಪುಸ್ತಕವನ್ನು ಗಟ್ಟಿಯಾಗಿ ಓದಿದರು.

'ಹದಿನಾಲ್ಕನೇ ತಾರೀಖು. ರಾಚಿಗೆ ಎಡಕ್ಕ ಹೊಳ್ಳ ಅಂದೆ, ಹೊಳ್ಳಿದಳು. ಏಳ ಅಂದೆ, ಎದ್ದಳು. ಕಾಲ್ ಮಡಚ ಅಂದೆ, ಒಂದ ಕಾಲ್ ಮಡಚಿದಳು. ಬೈದೆ. ಹದಿನೈದನೇ ತಾರೀಖು. ಗುಡಿ ಸುತ್ತಿ ಬಾ ಅಂದೆ, ಬಂದಳು. ತಡಾ ಮಾಡಿದಳು. ಬೈದೆ. ಹದಿನಾರು. ಇಳಿ ಅಂದೆ, ಇಳಿದಳು. ಕೋಳಿ ಮ್ಯಾಲೆ ಇಳಿದಳು. ಬೈದೆ.' ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. 'ರಾಚವ್ವಾರ, ಎಲ್ಲಿ ಹೋಗಬೇಕು, ಯಾವಾಗ ಹೊಳ್ಳಬೇಕು ಅಂತ ಒಮ್ಮೆರೆ ನೀವ ತೀರ್ಮಾನ ಮಾಡೀರೇನು?'

'ಅಲ್ರೀ, ಆಕಿ ಹೇಳ್ತಾಳ, ನಾ ಮಾಡ್ತೀನಿ.'

'ಅದ ಮತ್ತ. ನಿಯಮ ಏನದ? ಹಾರಾಟವನ್ನು ನಡೆಸಿದವರ ತಾಸು ಮಾತ್ರ ಲೆಕ್ಕಕ್ಕೆ. ನಡೆಸಿದವರು ಯಾರು? ಫಕೀರವ್ವ. ಎಲ್ಲಿ ಕೂತು ನಡೆಸಬೇಕು ಅಂತ ನಿಯಮದಾಗ ಎಲ್ಲೂ ಇಲ್ಲ.' ಅವರು ಮತ್ತೆ ಲೆಕ್ಕ ಹಾಕಿದರು. 'ಎಡಕ್ಕ ಅಂದಾಗ ನೀವು ತಪ್ಪಿ ಬಲಕ್ಕ ಹೋದದ್ದು ಒಟ್ಟು ಹನ್ನೊಂದು ನಿಮಿಷ. ಅಷ್ಟು ನಿಮ್ಮದು. ಉಳಿದ ನಲವತ್ತೊಂದು ತಾಸು ನಲವತ್ತೊಂಬತ್ತು ನಿಮಿಷ ಇವರದು.'

ಹೀಗೆ, ಹುಟ್ಟಿದಾಗಿನಿಂದ ಒಂದು ಅಂಗುಲವೂ ಮೇಲೇಳದ ಫಕೀರವ್ವನಿಗೆ ನಮ್ಮ ಊರಿನ ಖಾಸಗಿ ಹಾರಾಟದ ಲೈಸನ್ಸ್ ಸಿಕ್ಕಿತು. ಹಿತ್ತಾಳೆ ಬಿಲ್ಲೆಯ ಸಮೇತ.

ನಾನು ಕುಣಿದೆ. 'ಹಾರಿದಾಕಿ ನಾ! ಗಿಡಕ್ಕ ಬಡಿದಾಕಿ ನಾ! ಕುರ್ಚಿ ಮ್ಯಾಲೆ ಕೂತು ಅವಲಕ್ಕಿ ತಿಂದಾಕಿಗೆ ಲೈಸನ್ಸ್ ಏನ್ರೀ?' ಸಿಟ್ಟಿನಲ್ಲಿ ನಾನು ಕಚೇರಿಯ ಜಂತಿಗೆ ಹೋಗಿ ತಲೆ ಬಡಿಸಿಕೊಂಡೆ. ಕಟ್ಟಿಯವರು, 'ಸಿಟ್ಟಿನಿಂದ ಏರಿದ್ದು ಲೆಕ್ಕಕ್ಕಿಲ್ಲ' ಎಂದು ಬರೆದುಕೊಂಡರು. ಫಕೀರವ್ವ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಚೂರು, ಒಂದೇ ಚೂರು ಖುಷಿ ಕಂಡಿತು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಅವಳನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಮೂರು ದಿನ ಮಾತು ಬಿಟ್ಟೆ. ಶುಕ್ರವಾರ ಅವಳು ಬಿಲ್ಲೆಯನ್ನು ಸೆರಗಿಗೆ ಚುಚ್ಚಿಕೊಂಡು ಪೇಟೆಗೆ ಹೋದಳಂತೆ. ಜನ ಅವಳಿಗೆ ದಾರಿ ಬಿಟ್ಟರಂತೆ, ಮೇಲಿನಿಂದಲೂ. ಇದನ್ನು ನನಗೆ ಹೇಳಲೆಂದೇ ನಾಲ್ಕು ಮಂದಿ ಸೀರೆಗೆ ಗುಂಡು ಹೊಲಿಸುವ ನೆಪದಲ್ಲಿ ಬಂದರು. ನಾನು ಸೂಜಿಯಿಂದ ಬೆರಳು ಚುಚ್ಚಿಕೊಂಡು, ಆ ಬಿಲ್ಲೆ ತುಕ್ಕು ಹಿಡಿಯಲಿ ಎಂದು ಶಾಪ ಹಾಕಿದೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ ಎಂದು ಆಮೇಲೆ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಸೋಮವಾರ ಹತ್ತಿರ ಬರುತ್ತಿದೆ ಎಂಬುದು ತಲೆಯಲ್ಲಿ ಇರಲಿಲ್ಲ ಎಂದಲ್ಲ, ಇತ್ತು. ಬೇರೆಯವರ ಕೈಗೆ ಹಗ್ಗ ಕೊಟ್ಟು ಹೊಸದಾಗಿ ಹಾರೋಣವೆಂದರೆ ಮೂರು ದಿನದಲ್ಲಿ ನಲವತ್ತು ತಾಸು ಎಲ್ಲಿಂದ ತರಲಿ? ಅವಳೇ ಬಂದು ಕೇಳಲಿ ಎಂದು ಕೂತೆ. ಅವಳು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಈರಪ್ಪ ಮತ್ತು ಅವನ ಇಬ್ಬರು ಆಳುಗಳು ತಗಡಿನ ಅಳತೆಗೆ ಬಂದರು. ಓಣಿಯ ತುದಿಯಿಂದಲೇ ಜಗಳವಾಡುತ್ತ, ಒಬ್ಬರಿಗೊಬ್ಬರು ಬೈಯುತ್ತ ತೇಲಿ ಬಂದವರು ಫಕೀರವ್ವನ ಮಾಡಿನ ಮೇಲೆ ಬಂದದ್ದೇ ಗಪ್ಪಾದರು. ಕೈಸನ್ನೆಯಲ್ಲೇ ಅಳತೆ ಮಾಡತೊಡಗಿದರು. ನಾನು ನನ್ನ ಹಿತ್ತಲ ಕಿಟಕಿಯಿಂದ ನೋಡುತ್ತಿದ್ದೆ. ಫಕೀರವ್ವ ಅಂಗಳಕ್ಕೆ ಬಂದು ತಲೆ ಎತ್ತಿ ನಿಂತಳು. ಬಿಲ್ಲೆ ಇರಲಿಲ್ಲ. 'ಈರಪ್ಪ, ಮಾತಾಡ್ರಪಾ. ಕಡೀ ದಿನಾರೆ ಮಾತಾಡ್ರಿ. ಏನಂದ್ರೂ ನನಗೇನ್ ಅನಸಂಗಿಲ್ಲ,' ಎಂದಳು. ಈರಪ್ಪ ಮೇಲಿನಿಂದ ಅವಳಿಗೆ ಕೈಮುಗಿದ, ಬಾಯಿ ಬಿಡಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಎದ್ದು ಹೋದೆ. ಅವಳು ಅಡುಗೆಮನೆಯಲ್ಲಿ ಸೋರುವ ಜಾಗಕ್ಕೆಲ್ಲ ಪಾತ್ರೆ ಇಟ್ಟುಕೊಂಡು ಅದರ ಮಧ್ಯೆ ಕೂತಿದ್ದಳು. ಮಳೆ ಇನ್ನೂ ಬಂದೇ ಇರಲಿಲ್ಲ.

'ಯಾಕ ಬರಲಿಲ್ಲ ನನ್ನ ಕರಿಯಾಕ?' ಎಂದೆ.

'ಯಾವ ಮಾರಿ ಇಟ್ಕೊಂಡು ಬರಲಿ? ನಿನ್ನ ತಾಸೆಲ್ಲಾ ನಾ ತಿಂದೆ. ಅವಲಕ್ಕಿ ಜೋಡಿ.'

'ಬಾಯಿ ಮುಚ್ಚು. ಎಲ್ಲೈತಿ ನಿನ್ನ ಲೈಸನ್ಸು?'

ಬಿಲ್ಲೆ ಉಪ್ಪಿನಕಾಯಿ ಭರಣಿಯ ಹಿಂದೆ ಇತ್ತು. ಮುಂದಿನ ಬದಿಯಲ್ಲಿ ಅವಳ ಹೆಸರು. ಹಿಂದಿನ ಬದಿ ತಿರುಗಿಸಿದೆ. 'ವಾಹನ' ಎಂದು ಬರೆದು ಮುಂದೆ ಖಾಲಿ ಗೆರೆ ಬಿಟ್ಟಿದ್ದರು. ನಮ್ಮ ಊರಿನಲ್ಲಿ ಎಲ್ಲರೂ ತಮ್ಮ ಮೈಯಲ್ಲೇ ಹಾರುವುದರಿಂದ ಆ ಗೆರೆಯನ್ನು ಈವರೆಗೆ ಯಾರೂ ತುಂಬಿಸಿರಲಿಲ್ಲ. ನಾನು ಆ ಗೆರೆಯನ್ನು ನೋಡಿದೆ. ಫಕೀರವ್ವನನ್ನು ನೋಡಿದೆ. ಅವಳ ಕೈ ಹಿಡಿದು ದರದರ ಎಳೆದುಕೊಂಡು ಕಟ್ಟಿಯವರ ಮನೆಗೆ ಹೋದೆ.

ಕಟ್ಟಿಯವರು ಜಗಲಿಯ ಮೇಲೆ ತೇಲಿಕೊಂಡು ಪೇಪರ್ ಓದುತ್ತಿದ್ದರು. ಭಾನುವಾರ ಕಚೇರಿ ಇಲ್ಲ ಎಂದರು. ನಾನು ಅವರ ಹೆಬ್ಬೆರಳಿನ ದಾರ ಹಿಡಿದು ಕೆಳಗೆ ಎಳೆದೆ.

'ಈ ಗೆರಿ ಮ್ಯಾಲೆ ಏನ್ ಬರೀಬಹುದು ರೀ?'

ಅವರು ಒಳಗಿನಿಂದ ನಿಯಮದ ಪುಸ್ತಕ ತರಿಸಿ ಹಾಳೆ ಮಗುಚಿದರು. 'ಹಾರುವಂಥಾದ್ದು, ನಡೆಸುವವರ ಮಾತು ಕೇಳುವಂಥಾದ್ದು, ಏನಾದ್ರೂ ಬರೀಬಹುದು.'

'ಹಂಗಾರ ರಾಚವ್ವ ಅಂತ ಬರೀರಿ.'

'ನೀವು ಮನುಷ್ಯರಲ್ರೀ?'

'ಮೊನ್ನೆ ಗುರುವಾರ ತನಕಾ ಇದ್ದೆ. ಹನ್ನೊಂದು ನಿಮಿಷದ ಮನುಷ್ಯಾಕಿ ಅಂತ ನೀವ ಹೇಳಿದ್ರಿ. ಉಳಿದದ್ದೆಲ್ಲಾ ವಾಹನ ಅಲ್ಲೇನ್ರೀ?'

ನಿಯಮದ ವಿಷಯದಲ್ಲಿ ಕಟ್ಟಿಯವರು ಪ್ರಾಮಾಣಿಕರು, ತಮಗೆ ಸೋಲಾದರೂ ಒಪ್ಪುತ್ತಾರೆ. ಪೆನ್ಸಿಲ್ ತೆಗೆದು ಫಾರಂ ತುಂಬಿಸತೊಡಗಿದರು. ತಯಾರಾದ ವರ್ಷ ಕೇಳಿದರು, ನಾನು ವಯಸ್ಸಿನಲ್ಲಿ ನಾಲ್ಕು ವರ್ಷ ಕಡಿಮೆ ಮಾಡಿ ಹೇಳಿದೆ, ಫಕೀರವ್ವ ತಿದ್ದಿಸಿದಳು. ಬಣ್ಣ ಕೇಳಿದರು. ಗೋಧಿ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ 'ರಾಗಿ' ಎಂದು ಬರೆದರು.

'ಹಾರ್ನ್ ಅದ ಏನ್ರೀ?'

'ಹಾರ್ನ್ ಮ್ಯಾಲೆ ಕೂಡ್ರತೈತಿ,' ಎಂದು ಫಕೀರವ್ವನ ಕಡೆ ಕೈ ತೋರಿಸಿದೆ.

'ಬ್ರೇಕು?'

'ನನ್ನ ತುರುಬು. ಹಿಂದಕ್ಕ ಜಗ್ಗಿದ್ರ ನಿಂದರತೀನಿ.'

ಫಕೀರವ್ವ ಸಹಿ ಮಾಡಿದಳು. ನಾನೂ ಕೈ ಚಾಚಿದೆ. 'ವಾಹನದ ಸಹಿ ಬೇಕಾಗಿಲ್ಲ' ಎಂದು ಕಟ್ಟಿಯವರು ಫಾರಂ ಮಡಚಿದರು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಮೇಲೆಲ್ಲ ಜನ ಸೇರಿದರು. ನಾನು ನನ್ನ ಸೀರೆಯ ಅಂಚು ಬಿಚ್ಚಿ ಎಲ್ಲ ಸೀಸದ ಗುಂಡುಗಳನ್ನು ಕಿತ್ತು ಹಾಕಿದೆ. ಜೀವಮಾನದಲ್ಲಿ ನಾನು ಹೊಲಿಗೆ ಬಿಚ್ಚಿದ್ದು ಅದೊಂದೇ ಸಲ. ಫಕೀರವ್ವನನ್ನು ಬೆನ್ನ ಮೇಲೆ ಕೂರಿಸಿ ಎರಡು ಸೀರೆಯಿಂದ ಬಿಗಿದುಕೊಂಡೆ. ಅವಳು ಸಣ್ಣ ಹೆಂಗಸಲ್ಲ. ಮೊದಲ ಸಲ ಹಾರಲು ನಾನು ಮುಂದಕ್ಕೆ ನಾಲ್ಕು ಹೆಜ್ಜೆ ಓಡಿದಾಗ ನಾವಿಬ್ಬರೂ ಈರಪ್ಪ ಆಗಲೇ ತಂದು ಹಾಕಿದ್ದ ತಗಡಿನ ರಾಶಿಯ ಮೇಲೆ ಬಿದ್ದೆವು. 'ಏಳ!' ಎಂದಳು. ಎದ್ದೆ. 'ಏಳ ಅಂದ್ರ ಮ್ಯಾಲೇಳ, ರಂಡೆ!' ಎಂದಳು. ಮತ್ತೆ ಓಡಿದೆ. ನನ್ನ ಬೆನ್ನು ಲಟಲಟ ಎಂದಿತು, ಆಮೇಲೆ ಕಾಲ ಕೆಳಗಿನ ಮಣ್ಣು ಹಗುರಾಗಿ ಬಿಟ್ಟುಹೋಯಿತು. ಮೊದಲು ತುಳಸಿಕಟ್ಟೆಯಷ್ಟು, ಆಮೇಲೆ ಬಾಗಿಲಿನಷ್ಟು ಎತ್ತರ. ಮೇಲಿದ್ದ ಜನವೆಲ್ಲ ಚಪ್ಪಾಳೆ ಹೊಡೆದರು.

'ಎಡಕ್ಕ! ಹುಣಸೀಗಿಡ! ಕಾಲ್ ಮಡಚ! ಎರಡೂ ಮಡಚ! ಏ ಈರಪ್ಪ, ಬಾಜೂಕ ಸರಿ, ಲೈಸನ್ಸಿನ ಗಾಡಿ ಬರಾಕತ್ತೈತಿ!' ಊರಿಗೆಲ್ಲ ಕೇಳುವಂತೆ ಕೂಗಿದಳು. ನಾನು ಹುಣಸೆ ಮರ ದಾಟಿ, ನನ್ನ ಮನೆ ದಾಟಿ, ದೊಡ್ಡ ಸುತ್ತು ಹೊಡೆದು ಅವಳ ಮಾಡಿನ ಮೇಲೆ ಬಂದೆ. ಚಪ್ಪಾಳೆ ತಟ್ಟನೆ ನಿಂತಿತು. ಅಭ್ಯಾಸದಂತೆ ಎಲ್ಲರೂ ಬಾಯಿ ಮುಚ್ಚಿದರು.

ಈಗ ಹೇಳುತ್ತೇನೆ, ಅವಳು ನೋಡಿಯಾಯಿತು. ಹೆಂಚಿನ ತುಂಬ ಮೈಲಾರಪ್ಪ ತನ್ನ ಹೆಂಡತಿಯನ್ನು ಬರೆದಿದ್ದ. ಮಗ್ಗುಲಾಗಿ ಮಲಗಿದ್ದಾಳೆ, ಬಾಯಿ ಬಾವಿಯಷ್ಟು ತೆರೆದಿದೆ, ನಿದ್ದೆಯಲ್ಲೂ ಕೈಯಲ್ಲಿ ಒಂದು ಬದನೆಕಾಯಿ. ಅದರ ಕೆಳಗೆ ಅಂಗಡಿಯ ಬೋರ್ಡಿನ ದುಂಡು ಅಕ್ಷರದಲ್ಲಿ ಹೀಗಿತ್ತು: 'ಕೆಳಗೆ ಫಕೀರವ್ವ ಮಲಗಿದ್ದಾಳೆ. ಬೆಳಿಗ್ಗೆ ಮೂರು ಗಂಟೆಗೆ ಎದ್ದವಳು. ದಯಮಾಡಿ ಸದ್ದು ಮಾಡದೆ ದಾಟಿರಿ.' ಅವಳು ತರಕಾರಿ ಮಾರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಧ್ಯಾಹ್ನ ಮಲಗುವುದನ್ನೂ ಬಿಟ್ಟಿದ್ದಳು. ಆದರೂ ಊರು ಇಪ್ಪತ್ತೆರಡು ವರ್ಷ ಅವನ ಮಾತು ನಡೆಸಿಕೊಂಡು ಬಂದಿತ್ತು.

ಅವಳು ಕೂಗಲಿಲ್ಲ. ಅವಳ ಹಿಡಿತ ನನ್ನ ತುರುಬಿನಲ್ಲಿ ಸಡಿಲವಾಯಿತು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, ನಾನು ಜನ್ಮದಲ್ಲಿ ಅವಳಿಂದ ಕೇಳದಷ್ಟು ಸಣ್ಣ ದನಿಯಲ್ಲಿ, 'ನನ್ನ ಬಾಯಿ ಅಷ್ಟು ದೊಡ್ಡದೈತೇನ?' ಎಂದಳು.

'ಇದ್ದಷ್ಟ ಬರದಾನ,' ಎಂದು ನಾನೂ ಪಿಸುಗುಟ್ಟಿದೆ.

ಅವಳು ಅತ್ತಳು. ನಾನೂ ಅತ್ತೆ. ಅಳುತ್ತ ಹಾರುವುದು ಕಷ್ಟ, ಎಲ್ಲಿ ಏನಿದೆಯೆಂದು ಕಾಣುವುದಿಲ್ಲ. ಮಾಡು ಮುಗಿದು ಓಣಿ ಬಂತು. ನೇರ ಹೋದರೆ ಅಂಗಳ, ಇಳಿಯುವ ಜಾಗ. ನನ್ನ ಬೆನ್ನು ಮುರಿಯುವಂತೆ ನೋಯುತ್ತಿತ್ತು. ಎಡಕ್ಕೆ ತಿರುಗಿ ಮತ್ತೆ ಮಾಡಿನ ಮೇಲೆ ಹೋದೆ. ಅರ್ಧ ತಿರುಗಿದ ಮೇಲೆ ಅವಳು ಪಿಸುಮಾತಿನಲ್ಲಿ, 'ಇನ್ನೊಂದು ಸುತ್ತು' ಎಂದಳು.

ಸೋಮವಾರ ಈರಪ್ಪ ಹೆಂಚು ಕಿತ್ತ. ನಾನು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದಾಗ ಫಕೀರವ್ವ ಹಾರಾಟದ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಈ ಸಲ ನಾನು ಓದಿದೆ. ಬದನೆಕಾಯಿ ಗಾತ್ರದ ಅಕ್ಷರದಲ್ಲಿ ಬರೆದಿದ್ದಳು: 'ಭಾನುವಾರ. ಎಲ್ಲಾ ನಾ ಹೇಳಿದಂಗ ಹಾರಿದಳು. ಎರಡನೇ ಸುತ್ತಿಗೆ ನಾ ಹೇಳೂಕ್ಕಿಂತ ಮೊದಲ ಹೊಳ್ಳಿದಳು. ಅವು ನಾಕು ನಿಮಿಷ ರಾಚಿಯವು. ಬೈಲಿಲ್ಲ.'